ಹಳೆಯ ವಾಹನದ ಹೆಡ್‌ಲೈಟ್ ಮಬ್ಬಾದರೆ: ವೈರಿಂಗ್ ದೋಷ ಹುಡುಕುವ ಕ್ರಮ

ಹಳೆಯ ಜೀಪಿನದೋ ಟ್ರ್ಯಾಕ್ಟರಿನದೋ ಹೆಡ್‌ಲೈಟ್ ಮಬ್ಬಾದಾಗ ಅಥವಾ ಆರಿಹೋದಾಗ ಬಲ್ಬ್ ಬದಲಾಯಿಸುವುದು ಎಲ್ಲರಿಗೂ ತೋಚುವ ಮೊದಲ ಉಪಾಯ. ಅದರಿಂದ ಸರಿಹೋಗದಿದ್ದರೆ ಹೋಲ್ಡರ್, ಆಮೇಲೆ ಸ್ವಿಚ್, ಕೊನೆಗೆ ಹೆಚ್ಚು ವ್ಯಾಟಿನ ಬಲ್ಬ್ ಎಂದು ಒಂದೊಂದೇ ಸಾಮಾನು ಬದಲಾಗುತ್ತ ಹೋಗುತ್ತದೆ. ದುಡ್ಡು ಖರ್ಚಾಗುತ್ತದೆ, ದೋಷ ಮಾತ್ರ ಇದ್ದಲ್ಲೇ ಇರುತ್ತದೆ. ಹದಿನೈದಿಪ್ಪತ್ತು ವರ್ಷ ಓಡಿದ ವಾಹನದಲ್ಲಿ ಬಿಡಿಭಾಗಗಳಿಗಿಂತ ಮೊದಲು ಅನುಮಾನಿಸಬೇಕಾದದ್ದು ಅವುಗಳ ನಡುವಿನ ಜೋಡಣೆಗಳನ್ನು: ಕಪ್ಲರಿನ (ವೈರುಗಳನ್ನು ಕೂಡಿಸುವ ಪ್ಲಗ್ಗಿನ) ಪಿನ್ನು, ಬಾಡಿಗೆ ಬಿಗಿದ ಅರ್ಥಿಂಗ್ ಸ್ಕ್ರೂ, ಸ್ವಿಚ್ಚಿನೊಳಗಿನ ಕಾಂಟ್ಯಾಕ್ಟ್, ಹಿಂದೆ ಯಾರೋ ಕತ್ತರಿಸಿ ಟೇಪು ಸುತ್ತಿದ ವೈರು. ಇವುಗಳಲ್ಲಿ ಯಾವುದು ಕೆಟ್ಟಿದೆ ಎಂಬುದನ್ನು ಊಹೆಯಿಂದ ನಿರ್ಧರಿಸಬಾರದು. ಲೈಟು ಉರಿಯುತ್ತಿರುವಾಗಲೇ ಅಳೆದು ತಿಳಿಯಬೇಕು. ಆ ಅಳತೆಯ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ನಮ್ಮ ಭಾಗದಲ್ಲಿ ಈ ಕೆಲಸವನ್ನು ಮುಂದೂಡುವಂತಿಲ್ಲ. ಸಂಡೂರು, ತೋರಣಗಲ್ಲಿನ ಕಡೆ ಓಡಾಡುವ ವಾಹನಗಳ ಸಂದಿಸಂದಿಯಲ್ಲೂ ಅದಿರಿನ ಕೆಂಧೂಳು ಕೂರುತ್ತದೆ. ಒಣಗಿದ್ದಾಗ ಅದು ಅಷ್ಟು ಕೆಡುಕು ಮಾಡದಿದ್ದರೂ ಮಳೆಗಾಲದಲ್ಲಿ ತೇವವನ್ನು ಹಿಡಿದಿಟ್ಟುಕೊಂಡು ತಾಮ್ರದ ಎಳೆಗಳಿಗೆ ಕಿಲುಬು ಹಿಡಿಸುತ್ತದೆ. ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪದ ಭತ್ತದ ಸೀಮೆಯ ಟ್ರ್ಯಾಕ್ಟರುಗಳು ಕೆಸರುಗದ್ದೆಗೆ ಇಳಿಯುತ್ತವೆ, ಕಾಲುವೆಯ ನೀರಿನಲ್ಲಿ ತೊಳೆಸಿಕೊಳ್ಳುತ್ತವೆ, ರಾತ್ರಿ ಹುಲ್ಲಿನ ಬಣವೆಯ ಪಕ್ಕ ನಿಲ್ಲುತ್ತವೆ. ಅಲ್ಲಿ ಇಲಿಗಳು ವೈರಿನ ಹೊದಿಕೆಯನ್ನು ಕಡಿಯುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ರಾಯಚೂರಿನ ಬಿಸಿಲು ಎಂಜಿನ್ನಿನ ಶಾಖದೊಡನೆ ಸೇರಿ ಬಾನೆಟ್ಟಿನೊಳಗಿನ ಪ್ಲಾಸ್ಟಿಕ್ ಹೊದಿಕೆಯನ್ನು ಗಡುಸಾಗಿಸಿ ಬಿರಿಯುವಂತೆ ಮಾಡುತ್ತದೆ. ಸುಗ್ಗಿಯ ದಿನಗಳಲ್ಲಿ ಹಿಂದಿನ ದೀಪವಿಲ್ಲದ ಟ್ರೈಲರು, ಕುರಿಹಿಂಡು, ಎತ್ತಿನ ಬಂಡಿ ಎಲ್ಲವೂ ಕತ್ತಲಲ್ಲಿ ರಸ್ತೆಯ ಮೇಲಿರುವಾಗ ಮಬ್ಬು ಹೆಡ್‌ಲೈಟಿನಲ್ಲಿ ವಾಹನ ಓಡಿಸುವುದೆಂದರೆ ನಮ್ಮ ಜೀವದ ಜೊತೆಗೆ ಇನ್ನೊಬ್ಬರ ಜೀವವನ್ನೂ ಅಪಾಯಕ್ಕೆ ಒಡ್ಡಿದಂತೆ.

ಕರೆಂಟು ಹೋಗಿ ಬರುವ ದಾರಿ

ಬ್ಯಾಟರಿಯ ಪ್ಲಸ್ ಟರ್ಮಿನಲ್ಲಿನಿಂದ ಹೊರಟ ಕರೆಂಟು ಫ್ಯೂಸ್, ಹೆಡ್‌ಲೈಟ್ ಸ್ವಿಚ್, ಹೈ, ಲೋ ಬೀಮು ಬದಲಿಸುವ ಡಿಪ್ಪರ್ ಸ್ವಿಚ್ ಹಾಗೂ ಬಲ್ಬಿನ ಕಪ್ಲರನ್ನು ದಾಟಿ ಫಿಲಮೆಂಟಿಗೆ ಬರುತ್ತದೆ. ಅಲ್ಲಿಂದ ಅರ್ಥಿಂಗ್ ವೈರಿನ ಮೂಲಕ ಬಾಡಿಗೆ, ಬಾಡಿಯಿಂದ ಚಾಸಿಗೆ, ಚಾಸಿಯಿಂದ ಬ್ಯಾಟರಿಯ ಮೈನಸ್ ಟರ್ಮಿನಲ್ಲಿಗೆ ಮರಳುತ್ತದೆ. ಫ್ಯೂಸು ಸ್ವಿಚ್ಚಿಗಿಂತ ಮೊದಲಿದೆಯೋ ಆಮೇಲಿದೆಯೋ ಎಂಬುದು ವಾಹನದಿಂದ ವಾಹನಕ್ಕೆ ಬೇರೆ. ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹರಿಸಿ ನಿಲ್ಲಿಸುವ ಸ್ವಿಚ್ಚು) ಇರುವ ವಾಹನದಲ್ಲಿ ಡ್ಯಾಶ್‌ಬೋರ್ಡಿನ ಸ್ವಿಚ್ಚು ರಿಲೇಯನ್ನು ಮಾತ್ರ ಎಳೆಯುತ್ತದೆ, ಬಲ್ಬಿನ ಭಾರವನ್ನು ರಿಲೇ ಹೊರುತ್ತದೆ. ಹಳೆಯ ಅನೇಕ ವಾಹನಗಳಲ್ಲಿ ರಿಲೇ ಇರುವುದೇ ಇಲ್ಲ. ಬಲ್ಬಿನ ಪೂರ್ತಿ ಕರೆಂಟು ಡ್ಯಾಶ್‌ಬೋರ್ಡಿನ ತನಕ ಬಂದು ಸ್ವಿಚ್ಚಿನ ಸಣ್ಣ ಕಾಂಟ್ಯಾಕ್ಟುಗಳನ್ನು ಹಾಯ್ದು ಮತ್ತೆ ಮುಂದಕ್ಕೆ ಹೋಗುತ್ತದೆ.

ಸಾಮಾನ್ಯವಾಗಿ ಸಿಗುವ ಎಚ್4 ಬಲ್ಬಿನಲ್ಲಿ ಎರಡು ಫಿಲಮೆಂಟುಗಳಿವೆ: ಹೈ ಬೀಮಿಗೆ 60 ವ್ಯಾಟ್, ಲೋ ಬೀಮಿಗೆ 55 ವ್ಯಾಟ್. ಮೂರು ಪಿನ್ನುಗಳಲ್ಲಿ ಒಂದು ಹೈ, ಒಂದು ಲೋ, ಇನ್ನೊಂದು ಎರಡಕ್ಕೂ ಸೇರಿದ್ದು. 12 ವೋಲ್ಟಿನಲ್ಲಿ 60 ವ್ಯಾಟಿನ ಫಿಲಮೆಂಟು 5 ಆಂಪಿಯರ್ ಎಳೆಯುತ್ತದೆ, ಎರಡು ಬಲ್ಬು ಸೇರಿ 10 ಆಂಪಿಯರ್. ಈ 10 ಆಂಪಿಯರನ್ನು ನೆನಪಿಟ್ಟುಕೊಳ್ಳಿ. ದಾರಿಯಲ್ಲಿ ಎಲ್ಲಾದರೂ ಹತ್ತನೇ ಒಂದು ಓಮಿನಷ್ಟು ಅಡ್ಡಿಯಿದ್ದರೂ ಅಲ್ಲಿಯೇ 1 ವೋಲ್ಟ್ ಕಳೆದುಹೋಗುತ್ತದೆ, ಮತ್ತು ಆ ಜಾಗದಲ್ಲಿ 10 ವ್ಯಾಟಿನ ಶಾಖ ಹುಟ್ಟುತ್ತದೆ. ಹಳೆಯ ಸ್ವಿಚ್ಚುಗಳ ಪ್ಲಾಸ್ಟಿಕ್ ಕರಗುವುದು ಈ ಶಾಖದಿಂದಲೇ. ಬೆಳಕಿನ ನಷ್ಟ ವೋಲ್ಟೇಜಿನ ನಷ್ಟಕ್ಕಿಂತ ಬಹಳ ಹೆಚ್ಚು: ಬಲ್ಬಿಗೆ ಸಿಗುವ ವೋಲ್ಟೇಜು ಶೇಕಡಾ 10ರಷ್ಟು ಇಳಿದರೆ ಬೆಳಕು ಸುಮಾರು ಶೇಕಡಾ 30ರಷ್ಟು ಇಳಿಯುತ್ತದೆ.

ಕೆಲಸ ಶುರುಮಾಡುವ ಮುನ್ನ ಒಂದು ಎಚ್ಚರಿಕೆ. ಎಲ್ಲ ಹಳೆಯ ವಾಹನಗಳಲ್ಲೂ ಸ್ವಿಚ್ಚು ಪ್ಲಸ್ ಬದಿಯಲ್ಲಿಯೇ ಇರುತ್ತದೆ ಎಂದುಕೊಳ್ಳಬಾರದು. ಜಪಾನ್ ಮೂಲದ ವಿನ್ಯಾಸದ ಕೆಲವು ವಾಹನಗಳಲ್ಲಿ ಬಲ್ಬಿಗೆ ಪ್ಲಸ್ ಸದಾ ಬಂದಿರುತ್ತದೆ, ಸ್ವಿಚ್ಚು ಅರ್ಥಿಂಗನ್ನು ಕೊಟ್ಟು ತೆಗೆಯುತ್ತದೆ. ಇದನ್ನು ತಿಳಿಯುವುದು ಸುಲಭ. ಲೈಟ್ ಸ್ವಿಚ್ ಆಫ್ ಇರುವಾಗ ಕಪ್ಲರನ್ನು ಬಲ್ಬಿನಿಂದ ಬಿಡಿಸಿ, ಅದರ ಮೂರೂ ಪಿನ್ನುಗಳನ್ನು ಬ್ಯಾಟರಿಯ ಮೈನಸ್ಸಿಗೆ ಹೋಲಿಸಿ ಅಳೆಯಿರಿ. ಯಾವುದಾದರೂ ಪಿನ್ನಿನಲ್ಲಿ 12 ವೋಲ್ಟ್ ಕಂಡರೆ ಅದು ಅರ್ಥಿಂಗ್ ಕಡೆ ಸ್ವಿಚ್ ಇರುವ ವಾಹನ. ಕೀಲಿ ತಿರುಗಿಸಿಯೂ ಒಮ್ಮೆ ನೋಡಿ. ಅಂಥದರಲ್ಲಿ ಮುಂದೆ ಹೇಳುವ ಅಳತೆಯ ಕ್ರಮ ಅದೇ, ಆದರೆ ಎರಡಕ್ಕೂ ಸೇರಿದ ಪಿನ್ನು ಪ್ಲಸ್ ಬದಿಯದು, ಬೀಮಿನ ಪಿನ್ನು ಅರ್ಥಿಂಗ್ ಬದಿಯದು ಎಂದು ತಿಳಿದು, ಸ್ವಿಚ್ಚು ಮತ್ತು ಡಿಪ್ಪರುಗಳನ್ನು ಮರಳುವ ದಾರಿಯಲ್ಲಿ ಹುಡುಕಬೇಕು.

ಬೇಕಾಗುವ ಸಾಧನಗಳು

ಡಿಜಿಟಲ್ ಮಲ್ಟಿಮೀಟರ್ ಒಂದು, ಟೆಸ್ಟ್ ಲ್ಯಾಂಪ್ ಒಂದು, ನಯವಾದ ಸ್ಯಾಂಡ್‌ಪೇಪರ್, ಕಾಂಟ್ಯಾಕ್ಟ್ ಕ್ಲೀನರ್, ಎರಡು ತುದಿಗೂ ಕ್ಲಿಪ್ ಇರುವ ಉದ್ದನೆಯ ವೈರು, ಇಷ್ಟಿದ್ದರೆ ಸಾಕು. ಟೆಸ್ಟ್ ಲ್ಯಾಂಪನ್ನು ಕೊಳ್ಳಬೇಕಾಗಿಲ್ಲ. 21 ವ್ಯಾಟಿನ ಇಂಡಿಕೇಟರ್ ಬಲ್ಬೊಂದನ್ನು ಹೋಲ್ಡರಿನಲ್ಲಿಟ್ಟು ಎರಡು ವೈರು ಎಳೆದುಕೊಂಡರೆ ಅದೇ ಒಳ್ಳೆಯ ಟೆಸ್ಟ್ ಲ್ಯಾಂಪ್. ಮಲ್ಟಿಮೀಟರ್ ಇದ್ದೂ ಇದು ಏಕೆ ಬೇಕು ಎಂದರೆ, ಮೀಟರು ತಾನು ಹೆಚ್ಚುಕಡಿಮೆ ಕರೆಂಟನ್ನೇ ಎಳೆಯುವುದಿಲ್ಲ. ವೈರಿನ ಮೂವತ್ತು ಎಳೆಗಳಲ್ಲಿ ಇಪ್ಪತ್ತೊಂಬತ್ತು ತುಂಡಾಗಿ ಒಂದೇ ಉಳಿದಿದ್ದರೂ ಮೀಟರು 12 ವೋಲ್ಟ್ ಎಂದೇ ತೋರಿಸುತ್ತದೆ; ಆ ಒಂದು ಎಳೆಯಿಂದ ಹೆಡ್‌ಲೈಟ್ ಉರಿಯಲಾರದು. 21 ವ್ಯಾಟಿನ ಬಲ್ಬು ಸುಮಾರು ಒಂದೂಮುಕ್ಕಾಲು ಆಂಪಿಯರ್ ಎಳೆಯುವುದರಿಂದ ಅಂಥ ವೈರಿನ ನಿಜಸ್ಥಿತಿ ಬಯಲಾಗುತ್ತದೆ.

ಕೈಯಲ್ಲಿನ ಉಂಗುರ, ಲೋಹದ ಗಡಿಯಾರ ಬಿಚ್ಚಿಡಿ. ವೈರು ಕತ್ತರಿಸುವ, ಬೆಸೆಯುವ ಕೆಲಸವಿದ್ದರೆ ಬ್ಯಾಟರಿಯ ಮೈನಸ್ ಕೇಬಲನ್ನು ಮೊದಲು ತೆಗೆಯಿರಿ, ಹಾಕುವಾಗ ಅದನ್ನು ಕೊನೆಗೆ ಹಾಕಿ.

ಲಕ್ಷಣದಿಂದ ದೋಷದ ಜಾಗಕ್ಕೆ

ಅಳತೆಗೆ ಇಳಿಯುವ ಮೊದಲು ಯಾವ ಲೈಟು, ಯಾವ ಬೀಮು, ಯಾವಾಗ ಎಂಬುದನ್ನು ಸಮಾಧಾನದಿಂದ ನೋಡಿದರೆ ಅರ್ಧ ಹುಡುಕಾಟ ಮುಗಿಯುತ್ತದೆ. ಒಂದು ಬದಿಯ ಒಂದೇ ಬೀಮು ಹೋಗಿದ್ದರೆ ಬಲ್ಬಿನ ಆ ಫಿಲಮೆಂಟು, ಕಪ್ಲರಿನ ಆ ಪಿನ್ನು, ಬೀಮಿಗೊಂದರಂತೆ ಫ್ಯೂಸು ಹಂಚಿದ ವಾಹನವಾದರೆ ಆ ಫ್ಯೂಸು, ಇಷ್ಟನ್ನು ನೋಡಿದರೆ ಸಾಕು. ಒಂದು ಬದಿಯ ಎರಡೂ ಬೀಮು ಹೋಗಿದ್ದರೆ ಎರಡಕ್ಕೂ ಸೇರಿದ ಪಿನ್ನನ್ನೂ ಅದರ ಅರ್ಥಿಂಗನ್ನೂ ಅನುಮಾನಿಸಬೇಕು. ಎರಡೂ ಬದಿಯಲ್ಲಿ ಒಂದೇ ಬೀಮು ಹೋಗಿದ್ದರೆ ಡಿಪ್ಪರ್ ಸ್ವಿಚ್ ಅಥವಾ ಆ ಬೀಮಿನ ರಿಲೇ. ನಾಲ್ಕೂ ಹೋಗಿ ಪಾರ್ಕಿಂಗ್ ಲೈಟ್ ಮಾತ್ರ ಉರಿಯುತ್ತಿದ್ದರೆ ಹೆಡ್‌ಲೈಟ್ ಸ್ವಿಚ್ ಅಥವಾ ಮುಖ್ಯ ಫ್ಯೂಸು. ಆಕ್ಸಿಲರೇಟರ್ ಕೊಟ್ಟಾಗ ಬೆಳಕು ಬಹಳ ಏರಿ, ಬಿಟ್ಟಾಗ ಪೂರ್ತಿ ಕುಗ್ಗುವುದಾದರೆ ಹೆಡ್‌ಲೈಟಿನ ವೈರಿಂಗನ್ನು ಮುಟ್ಟುವ ಮೊದಲು ಬ್ಯಾಟರಿ, ಬೆಲ್ಟು ಮತ್ತು ಡೈನಮೋ ಕಡೆ ನೋಡಬೇಕು. ಹಳೆಯ ಕೆಲವು ಮೋಟಾರ್ ಸೈಕಲ್ಲುಗಳಲ್ಲಿ ಹೆಡ್‌ಲೈಟು ಬ್ಯಾಟರಿಯಿಂದಲ್ಲ, ಎಂಜಿನ್ನಿನ ಮ್ಯಾಗ್ನೆಟ್ ಕಾಯಿಲಿನಿಂದ ನೇರವಾಗಿ ಎಸಿ ಕರೆಂಟಿನಲ್ಲಿ ಉರಿಯುತ್ತದೆ. ಅವುಗಳಲ್ಲಿ ಬೆಳಕು ಏರಿಳಿಯುವುದು ಸಹಜ, ಮೀಟರನ್ನೂ ಎಸಿಗೆ ಇಟ್ಟು ಅಳೆಯಬೇಕು.

ಇನ್ನೊಂದು ಲಕ್ಷಣವಿದೆ, ಅದನ್ನು ಒಮ್ಮೆ ಗುರುತಿಸಲು ಕಲಿತವರು ಮತ್ತೆ ಮರೆಯುವುದಿಲ್ಲ. ಲೋ ಬೀಮ್ ಹಾಕಿದಾಗ ಒಂದು ಬದಿಯ ಲೈಟು ಚೆನ್ನಾಗಿ ಉರಿಯುತ್ತದೆ, ಇನ್ನೊಂದು ಬದಿಯ ಬಲ್ಬಿನ ಎರಡೂ ಫಿಲಮೆಂಟುಗಳು ಕೆಂಡದಂತೆ ಕೆಂಪಗೆ ಮಿಣುಗುತ್ತವೆ, ಡ್ಯಾಶ್‌ಬೋರ್ಡಿನಲ್ಲಿ ಹೈ ಬೀಮಿನ ನೀಲಿ ಸೂಚಕವೂ ಸಣ್ಣಗೆ ಹೊತ್ತಿಕೊಂಡಿರುತ್ತದೆ. ಮಿಣುಗುವ ಬದಿಯ ಅರ್ಥಿಂಗ್ ಕಡಿದುಹೋಗಿದೆ ಎಂಬುದಕ್ಕೆ ಇದು ಸ್ಪಷ್ಟ ಗುರುತು. ಮನೆಗೆ ಮರಳುವ ದಾರಿ ಮುಚ್ಚಿದ್ದರಿಂದ ಕರೆಂಟು ಅದೇ ಬಲ್ಬಿನ ಹೈ ಫಿಲಮೆಂಟನ್ನು ಹಿಂದುಮುಂದಾಗಿ ಹಾಯ್ದು, ಹೈ ಬೀಮಿನ ವೈರು ಹಿಡಿದು, ಆಚೆ ಬದಿಯ ಬಲ್ಬಿನ ಹೈ ಫಿಲಮೆಂಟಿನ ಮೂಲಕ ಅಲ್ಲಿನ ಅರ್ಥಿಂಗನ್ನು ಸೇರುತ್ತದೆ. ದಾರಿಯಲ್ಲಿರುವ ನೀಲಿ ಸೂಚಕಕ್ಕೂ ಅಷ್ಟಿಷ್ಟು ಸಿಗುತ್ತದೆ. ಇಂಡಿಕೇಟರ್ ಹಾಕಿದಾಗ ಹೆಡ್‌ಲೈಟು ತಾಳಕ್ಕೆ ಸರಿಯಾಗಿ ಕುಗ್ಗಿ ಏಳುವುದಿದ್ದರೆ, ಅದೂ ಎರಡು ದೀಪಗಳು ಹಂಚಿಕೊಂಡ ಅರ್ಥಿಂಗ್ ಸಡಿಲವಾಗಿರುವುದರ ಲಕ್ಷಣವೇ.

ಬಲ್ಬನ್ನು ಹೊರತೆಗೆದು ಓಮ್ ಅಳೆದು ನೋಡುವವರಿಗೆ ಒಂದು ಮಾತು: ಉರಿಯುವಾಗ 60 ವ್ಯಾಟಿನ ಫಿಲಮೆಂಟಿನ ರೆಸಿಸ್ಟೆನ್ಸು ಸುಮಾರು 2.4 ಓಮ್ ಆದರೂ ತಣ್ಣಗಿರುವಾಗ ಅದು ಅದರ ಹತ್ತನೇ ಒಂದು ಪಾಲಿನ ಆಸುಪಾಸು ಮಾತ್ರ. ಮೀಟರು ಸೊನ್ನೆಗೆ ಹತ್ತಿರ ತೋರಿಸಿದರೆ ಬಲ್ಬು ಶಾರ್ಟ್ ಆಗಿದೆ ಎಂದು ಎಸೆಯಬೇಡಿ. ಹ್ಯಾಲೋಜನ್ ಬಲ್ಬಿನ ಗಾಜನ್ನು ಬೆರಳಿನಿಂದ ಮುಟ್ಟಬೇಡಿ. ಕೈಯ ಜಿಡ್ಡು ಅಂಟಿದ ಕಡೆ ಗಾಜು ಹೆಚ್ಚು ಕಾದು ಬಲ್ಬು ಬೇಗ ಹೋಗುತ್ತದೆ. ಮುಟ್ಟಿದ್ದೇ ಆದರೆ ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ.

ಉರಿಯುತ್ತಿರುವಾಗಲೇ ಅಳೆಯುವುದು

ಮೊದಲು ಬ್ಯಾಟರಿ. ಎಂಜಿನ್ ಬಂದಾಗಿ ಕೆಲವು ಗಂಟೆ ಕಳೆದಿದ್ದರೆ ಪೂರ್ತಿ ಚಾರ್ಜಾದ ಬ್ಯಾಟರಿ 12.6 ವೋಲ್ಟಿನ ಆಸುಪಾಸು ತೋರಿಸಬೇಕು. ಎಂಜಿನ್ ಓಡುವಾಗ 13.8ರಿಂದ 14.4 ವೋಲ್ಟ್ ಇರಬೇಕು. ಇಲ್ಲಿಯೇ ಕೊರತೆಯಿದ್ದರೆ ಅದನ್ನು ಸರಿಪಡಿಸಿದ ಮೇಲೆ ಮಾತ್ರ ಮುಂದಿನ ಹೆಜ್ಜೆ. ಪ್ರೋಬನ್ನು (ಮೀಟರಿನ ವೈರಿನ ತುದಿಯ ಕಡ್ಡಿಯನ್ನು) ಕೇಬಲಿನ ಕ್ಲಾಂಪಿಗೆ ಇಡದೆ ಬ್ಯಾಟರಿಯ ಸೀಸದ ಟರ್ಮಿನಲ್ಲಿಗೇ ಇಡಿ, ಏಕೆಂದರೆ ಕ್ಲಾಂಪು ಮತ್ತು ಟರ್ಮಿನಲ್ಲಿನ ನಡುವಿನ ಬಿಳಿ ಪುಡಿಯೇ ದೋಷವಾಗಿರುವುದುಂಟು.

ಆಮೇಲೆ ಲೈಟು ಹಾಕಿ, ಬಲ್ಬಿಗೆ ಕಪ್ಲರು ಕೂಡಿದ್ದಂತೆಯೇ ಅದರ ಹಿಂದಿನಿಂದ, ವೈರು ಒಳಹೋಗುವ ಸಂದಿಯಲ್ಲಿ ಪ್ರೋಬನ್ನು ತೂರಿಸಿ ಲೋಹಕ್ಕೆ ತಾಗಿಸಿ. ಕಪ್ಲರನ್ನು ಬಿಡಿಸಿ ಅಳೆದರೆ ಮೇಲೆ ಹೇಳಿದಂತೆ ಮೀಟರು 12 ವೋಲ್ಟ್ ತೋರಿಸಿ ನಿಮ್ಮನ್ನು ದಾರಿ ತಪ್ಪಿಸುತ್ತದೆ. ಮೀಟರಿನ ಕೆಂಪು ಪ್ರೋಬು ಬ್ಯಾಟರಿಯ ಪ್ಲಸ್ಸಿನಲ್ಲಿ, ಕಪ್ಪು ಪ್ರೋಬು ಉರಿಯುತ್ತಿರುವ ಬೀಮಿನ ಪಿನ್ನಿನಲ್ಲಿ ಇರಲಿ. ಆಗ ಮೀಟರು ತೋರಿಸುವುದು ಹೋಗುವ ದಾರಿಯಲ್ಲಿ ಕಳೆದುಹೋದ ವೋಲ್ಟೇಜು. ಅದು 0.5 ವೋಲ್ಟಿನೊಳಗೆ ಇದ್ದರೆ ಒಪ್ಪಬಹುದು. ಅನಂತರ ಕೆಂಪು ಪ್ರೋಬನ್ನು ಬಲ್ಬಿನ ಅರ್ಥಿಂಗ್ ಪಿನ್ನಿಗೂ ಕಪ್ಪನ್ನು ಬ್ಯಾಟರಿಯ ಮೈನಸ್ಸಿಗೂ ಇಡಿ. ಇದು ಮರಳುವ ದಾರಿಯ ನಷ್ಟ, 0.2 ವೋಲ್ಟ್ ದಾಟಬಾರದು. ಮೀಟರಿನ ವೈರು ಅಷ್ಟು ದೂರ ಎಟುಕದಿದ್ದರೆ ಕ್ಲಿಪ್ಪಿನ ಉದ್ದನೆಯ ವೈರನ್ನು ಬಳಸಿ. 24 ವೋಲ್ಟಿನ ಲಾರಿಯಾದರೆ ಈ ಮಿತಿಗಳನ್ನು ದುಪ್ಪಟ್ಟು ಎಂದು ತಿಳಿಯಬಹುದು.

ಈ ಎರಡು ಅಂಕಿಗಳು ಸಿಕ್ಕಮೇಲೆ ದೋಷ ಯಾವ ಬದಿಯಲ್ಲಿದೆ ಎಂಬ ಗೊಂದಲ ಉಳಿಯುವುದಿಲ್ಲ. ಹೋಗುವ ದಾರಿಯಲ್ಲಿ ನಷ್ಟ ಹೆಚ್ಚಿದ್ದರೆ ಕೆಂಪು ಪ್ರೋಬನ್ನು ಬ್ಯಾಟರಿಯಲ್ಲಿಯೇ ಉಳಿಸಿ, ಕಪ್ಪು ಪ್ರೋಬನ್ನು ಬಲ್ಬಿನಿಂದ ಹಿಂದಕ್ಕೆ, ದಾರಿಯ ಕಪ್ಲರು, ಡಿಪ್ಪರಿನ ಹೊರದಾರಿ, ಡಿಪ್ಪರಿನ ಒಳದಾರಿ, ಹೆಡ್‌ಲೈಟ್ ಸ್ವಿಚ್ಚಿನ ಎರಡೂ ಬದಿ, ಫ್ಯೂಸಿನ ಎರಡೂ ತುದಿ, ಹೀಗೆ ಒಂದೊಂದೇ ಹೆಜ್ಜೆ ಸರಿಸುತ್ತ ಬನ್ನಿ. ಅಂಕಿ ಒಮ್ಮೆಲೆ ಇಳಿದ ಜಾಗದಲ್ಲಿ, ಅಂದರೆ ಹಿಂದಿನ ಹೆಜ್ಜೆ ಮತ್ತು ಈ ಹೆಜ್ಜೆಯ ನಡುವೆ ದೋಷವಿದೆ. ಅಂಕಿ ಎಲ್ಲಿಯೂ ಒಮ್ಮೆಲೆ ಇಳಿಯದೆ ಎಲ್ಲ ಕಡೆ ಸ್ವಲ್ಪ ಸ್ವಲ್ಪವೇ ಇಳಿಯುತ್ತಿದ್ದರೆ ವೈರು ಸಣ್ಣದಾಯಿತು ಎಂದರ್ಥ: 1 ಚದರ ಮಿಲಿಮೀಟರಿನ 5 ಮೀಟರ್ ತಾಮ್ರದ ವೈರಿನಲ್ಲಿ 10 ಆಂಪಿಯರ್ ಹರಿದರೆ ಸುಮಾರು 0.85 ವೋಲ್ಟ್ ವೈರಿನಲ್ಲಿಯೇ ಹೋಗುತ್ತದೆ, 2.5 ಚದರ ಮಿಲಿಮೀಟರಿನದಾದರೆ 0.35 ವೋಲ್ಟ್ ಮಾತ್ರ.

ಎರಡೂ ದಾರಿಯಲ್ಲಿ ನಷ್ಟ ಮಿತಿಯೊಳಗಿದ್ದು ಬೆಳಕು ಮಾತ್ರ ಮಂದವಾಗಿದ್ದರೆ ದೋಷ ಕರೆಂಟಿನದಲ್ಲ. ರಿಫ್ಲೆಕ್ಟರಿನ ಹೊಳಪು ಹೋಗಿ ಕಪ್ಪಿಟ್ಟಿರಬಹುದು, ಗಾಜಿನ ಒಳಮೈಗೆ ಧೂಳು ಹಿಡಿದಿರಬಹುದು. ಒಳಗೆ ಉಜ್ಜಿ ಒರೆಸಿದರೆ ರಿಫ್ಲೆಕ್ಟರಿನ ತೆಳುವಾದ ಲೇಪವೇ ಕಿತ್ತುಬರುತ್ತದೆ; ಅಂಥ ಲೈಟನ್ನು ಬದಲಾಯಿಸುವುದೇ ಸರಿ. ಏಳು ಇಂಚಿನ ದುಂಡನೆಯ ಹಳೆಯ ಸೀಲ್ಡ್ ಬೀಮ್ (ಫಿಲಮೆಂಟು, ರಿಫ್ಲೆಕ್ಟರು, ಗಾಜು ಒಂದೇ ಆಗಿರುವ ಲೈಟು) ಇದ್ದವರಿಗೆ ಅದೇ ಜಾಗದಲ್ಲಿ ಕೂರುವ, ಅದೇ ಮೂರು ಪಿನ್ನಿನ ಕಪ್ಲರಿಗೆ ಒಗ್ಗುವ ಎಚ್4 ಲೈಟು ಸಿಗುತ್ತದೆ.

ಅರ್ಥಿಂಗ್: ಕಣ್ಣಿಗೆ ಬೀಳದ ಅರ್ಧ ದಾರಿ

ಹೋಗುವ ದಾರಿಯ ಬಗ್ಗೆ ಎಲ್ಲರಿಗೂ ಕಾಳಜಿ, ಮರಳುವ ದಾರಿಯನ್ನು ಕೇಳುವವರಿಲ್ಲ. ಹೋದ ಕರೆಂಟು ಅಷ್ಟೂ ಮರಳಿ ಬರಬೇಕು. ಒಂದು ಬದಿಗೆ ಹೊಸ ವೈರು ಎಳೆದು ಇನ್ನೊಂದು ಬದಿಯನ್ನು ತುಕ್ಕು ಹಿಡಿದ ಸ್ಕ್ರೂವಿಗೆ ಬಿಟ್ಟರೆ ಹೊಸ ವೈರಿನ ದುಡ್ಡು ದಂಡ.

ಕಾರಟಗಿಯ ಕಡೆಯ ಅಕ್ಕಿ ಗಿರಣಿಯೊಂದರ ಹಳೆಯ ಜೀಪನ್ನು ನೋಡಿದಾಗ ಅದರ ಚಾಲಕರು ಹೇಳಿದ ಮಾತು ಇದು: “ಬಲ್ಬ್ ಬದಲ್ ಮಾಡೀವ್ರಿ, ಹೋಲ್ಡರ್ ಬದಲ್ ಮಾಡೀವಿ, ಆದ್ರೂ ಎಡಗಡೆ ಲೈಟ್ ಮಬ್ಬ ಐತ್ರಿ.” ಎಂಜಿನ್ ಬಂದ್ ಇಟ್ಟು ಲೈಟು ಹಾಕಿದಾಗ ಬ್ಯಾಟರಿಯಲ್ಲಿ 12.1 ವೋಲ್ಟ್ ಇತ್ತು. ಎಡಬದಿಯ ಬಲ್ಬಿನ ಎರಡು ಪಿನ್ನುಗಳ ನಡುವೆ ಸಿಕ್ಕಿದ್ದು 9.1 ಮಾತ್ರ. ಹೋಗುವ ದಾರಿಯ ನಷ್ಟ 0.4, ಮರಳುವ ದಾರಿಯದು 2.6 ವೋಲ್ಟ್. ಮೂರನ್ನೂ ಕೂಡಿದರೆ ಸರಿಯಾಗಿ 12.1; ಹೀಗೆ ಲೆಕ್ಕ ತಾಳೆಯಾದರೆ ಅಳತೆ ಸರಿಯಿದೆ ಎಂಬ ಭರವಸೆಯೂ ಬರುತ್ತದೆ. ಅರ್ಥಿಂಗ್ ವೈರನ್ನು ಹಿಡಿದು ಹೋದರೆ ಅದು ಗ್ರಿಲ್ಲಿನ ಹಿಂದೆ ಒಂದು ಸ್ಕ್ರೂವಿನಲ್ಲಿ ಕೊನೆಗೊಂಡಿತ್ತು. ಸ್ಕ್ರೂ ಬಿಗಿಯಾಗಿತ್ತು, ಹೊರಗಿನಿಂದ ನೋಡಿದರೆ ಯಾವ ಕೊರತೆಯೂ ಕಾಣುತ್ತಿರಲಿಲ್ಲ. ಬಿಚ್ಚಿದಾಗ ಥಿಂಬಲಿನ (ವೈರಿನ ತುದಿಯ ಲೋಹದ ಬಳೆಯ) ಕೆಳಗೆ, ಬಾಡಿಗೆ ಹೊಸದಾಗಿ ಹೊಡೆಸಿದ್ದ ಹಸಿರು ಪೇಂಟಿನ ಪದರ ಹಾಗೆಯೇ ಇತ್ತು. ಥಿಂಬಲ್ ಕೂತದ್ದು ಪೇಂಟಿನ ಮೇಲೆ. ಅಷ್ಟು ದಿನ ಕರೆಂಟು ಹರಿದದ್ದು ಸ್ಕ್ರೂವಿನ ತುಕ್ಕು ಹಿಡಿದ ಎರಡು ಮೂರು ಎಳೆಗಳಲ್ಲಿ. ಪೇಂಟನ್ನು ಲೋಹದ ಹೊಳಪು ಕಾಣುವವರೆಗೆ ಕೆರೆದು, ಥಿಂಬಲನ್ನು ಉಜ್ಜಿ, ಹೊಸ ಬೋಲ್ಟಿಗೆ ಹಲ್ಲಿನ ವಾಷರ್ ಕೊಟ್ಟು ಬಿಗಿದ ಮೇಲೆ ಮರಳುವ ದಾರಿಯ ನಷ್ಟ 0.1 ವೋಲ್ಟಿಗೆ ಇಳಿಯಿತು, ಬಲ್ಬಿಗೆ 11.5 ವೋಲ್ಟ್ ದೊರೆಯಿತು. 9.1 ವೋಲ್ಟಿನಲ್ಲಿ ಆ ಬಲ್ಬು ಕೊಡುತ್ತಿದ್ದ ಬೆಳಕು ಇದರ ಅರ್ಧಕ್ಕಿಂತಲೂ ಕಡಿಮೆ.

ಪೇಂಟ್ ಅಥವಾ ಡೆಂಟಿಂಗ್ ಕೆಲಸ ಮಾಡಿಸಿದ ಪ್ರತಿ ವಾಹನದ ಅರ್ಥಿಂಗ್ ಸ್ಕ್ರೂಗಳನ್ನು ಬಿಚ್ಚಿ ನೋಡುವುದು ಒಳ್ಳೆಯದು. ಬಿಗಿದ ಮೇಲೆ ಹೊರಗಿನಿಂದ ಗ್ರೀಸ್ ಅಥವಾ ವ್ಯಾಸಲಿನ್ ಸವರಿ, ಅದಿರು ಧೂಳಿನ ಕಡೆ ಓಡುವ ವಾಹನಕ್ಕಂತೂ ಇದನ್ನು ತಪ್ಪಿಸಬೇಡಿ. ಒಳಗಡೆ, ಲೋಹ ಲೋಹಕ್ಕೆ ಕೂಡುವಲ್ಲಿ ಏನನ್ನೂ ಹಚ್ಚಬೇಕಾಗಿಲ್ಲ. ಎಂಜಿನ್, ಚಾಸಿ ಮತ್ತು ಬಾಡಿಯ ನಡುವೆ ಹೆಣೆದ ತಾಮ್ರದ ಪಟ್ಟಿ ಇದ್ದರೆ ಅದನ್ನೂ ನೋಡಿ. ನನ್ನ ಅಭಿಪ್ರಾಯದಲ್ಲಿ ಹಳೆಯ ವಾಹನದಲ್ಲಿ ಬಾಡಿಯನ್ನು ನಂಬಿ ಕೂರುವುದಕ್ಕಿಂತ, ಎರಡೂ ಲೈಟುಗಳ ಅರ್ಥಿಂಗ್ ಪಿನ್ನುಗಳಿಂದ 2.5 ಚದರ ಮಿಲಿಮೀಟರಿನ ಕಪ್ಪು ವೈರನ್ನು ನೇರವಾಗಿ ಬ್ಯಾಟರಿಯ ಮೈನಸ್ಸಿಗೆ ಎಳೆಯುವುದು ಲೇಸು. ಸ್ವಿಚ್ಚು ಅರ್ಥಿಂಗ್ ಕಡೆ ಇರುವ ವಾಹನಕ್ಕೆ ಈ ಉಪಾಯ ಸಲ್ಲದು.

ಸ್ವಿಚ್ಚು, ಡಿಪ್ಪರು, ರಿಲೇ

ಸ್ವಿಚ್ಚಿನ ಎರಡು ಬದಿಗೆ ಪ್ರೋಬು ಇಟ್ಟಾಗ 0.2 ವೋಲ್ಟಿಗಿಂತ ಹೆಚ್ಚು ಕಂಡರೆ ಒಳಗಿನ ಕಾಂಟ್ಯಾಕ್ಟು ಸುಟ್ಟಿದೆ. ಲೈಟು ಹಾಕಿ ಹತ್ತು ನಿಮಿಷ ಬಿಟ್ಟು ಸ್ಟೀರಿಂಗಿನ ಕೆಳಗಿನ ಕಪ್ಲರನ್ನು ಬೆರಳಿನ ಹಿಂಬದಿಯಿಂದ ಮೆಲ್ಲಗೆ ಮುಟ್ಟಿ ನೋಡಿದರೂ ತಿಳಿಯುತ್ತದೆ. ಬಿಸಿಯಾಗಿದ್ದರೆ, ಬಿಳಿಯ ಕಪ್ಲರು ಕಂದು ಬಣ್ಣಕ್ಕೆ ತಿರುಗಿದ್ದರೆ ಅಲ್ಲಿಯೇ ಕರೆಂಟು ಶಾಖವಾಗುತ್ತಿದೆ. ಹೊರಟಾಗ ಚೆನ್ನಾಗಿದ್ದು ಸ್ವಲ್ಪ ದೂರ ಹೋದಮೇಲೆ ಆರಿ, ತಣ್ಣಗಾದ ಮೇಲೆ ಮತ್ತೆ ಹೊತ್ತಿಕೊಳ್ಳುವ ಲೈಟಿನ ದೋಷವೂ ಹೀಗೆ ಕಾದು ಸಡಿಲಗೊಳ್ಳುವ ರಿವೆಟ್ಟು ಅಥವಾ ಪಿನ್ನಿನಲ್ಲಿರುವ ಸಂಭವ ಹೆಚ್ಚು. ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಸ್ವಿಚ್ಚನ್ನು ಹಲವು ಸಲ ಹಿಂದೆ ಮುಂದೆ ಮಾಡಿದರೆ ಧೂಳು ಸೇರಿದ ಹಳೆ ಗ್ರೀಸು ಬಿಡುತ್ತದೆ. ಸುಟ್ಟು ಗುಳಿಬಿದ್ದ ಕಾಂಟ್ಯಾಕ್ಟಿಗೆ ಇದರಿಂದ ಪ್ರಯೋಜನವಿಲ್ಲ, ಸ್ವಿಚ್ಚು ಬದಲಾಯಿಸಬೇಕು.

ರಿಲೇ ಇರುವಲ್ಲಿ ನಾಲ್ಕು ಪಿನ್ನುಗಳ ಮೇಲೆ ಸಂಖ್ಯೆಗಳಿರುತ್ತವೆ. 30 ಬ್ಯಾಟರಿಯಿಂದ ಬರುವುದು, 87 ಬಲ್ಬಿಗೆ ಹೋಗುವುದು, 85 ಮತ್ತು 86 ಒಳಗಿನ ಕಾಯಿಲಿನ ಎರಡು ತುದಿ. ಈ ಕಾಯಿಲಿನ ರೆಸಿಸ್ಟೆನ್ಸು ಸಾಮಾನ್ಯವಾಗಿ 70ರಿಂದ 100 ಓಮಿನ ಆಸುಪಾಸು ಇರುತ್ತದೆ. ಟಿಕ್ ಎಂದು ಸದ್ದು ಬಂದರೆ ರಿಲೇ ಚೆನ್ನಾಗಿದೆ ಎಂದು ತೀರ್ಮಾನಿಸಬೇಡಿ. ಸದ್ದು ಕಾಯಿಲಿನದು, ಕಾಂಟ್ಯಾಕ್ಟಿನ ಸ್ಥಿತಿ ಅದರಿಂದ ತಿಳಿಯದು. ಲೈಟು ಉರಿಯುವಾಗ 30 ಮತ್ತು 87ರ ನಡುವೆ ವೋಲ್ಟೇಜು ಅಳೆಯಿರಿ. 0.1 ವೋಲ್ಟಿನ ಸುತ್ತಮುತ್ತ ಇರಬೇಕು.

ರಿಲೇ ಇಲ್ಲದ ವಾಹನಕ್ಕೆ ಅದನ್ನು ಹಾಕಿಸುವುದಕ್ಕಿಂತ ಒಳ್ಳೆಯ ಖರ್ಚು ಹೆಡ್‌ಲೈಟಿನ ವಿಷಯದಲ್ಲಿ ಬೇರೊಂದಿಲ್ಲ. ಹೈಗೆ ಒಂದು, ಲೋಗೆ ಒಂದು ರಿಲೇ. ಬಲ್ಬಿಗೆ ಹೋಗುತ್ತಿದ್ದ ಹಳೆಯ ವೈರನ್ನು ರಿಲೇಯ 86ಕ್ಕೆ ಕೊಟ್ಟು, 85ನ್ನು ಅರ್ಥಿಂಗಿಗೆ ಜೋಡಿಸಿ, 30ಕ್ಕೆ ಬ್ಯಾಟರಿಯಿಂದ 2.5 ಚದರ ಮಿಲಿಮೀಟರಿನ ವೈರನ್ನು 20 ಆಂಪಿಯರ್ ಫ್ಯೂಸಿನ ಮೂಲಕ ತಂದು, 87ರಿಂದ ಎರಡೂ ಬಲ್ಬಿಗೆ ಹೊಸ ವೈರು ಎಳೆಯಬೇಕು. ಫ್ಯೂಸು ಬ್ಯಾಟರಿಯಿಂದ ಗೇಣಿನಷ್ಟು ದೂರದೊಳಗೇ ಇರಲಿ, ಇಲ್ಲದಿದ್ದರೆ ಅದಕ್ಕಿಂತ ಹಿಂದಿನ ವೈರು ಎಲ್ಲಾದರೂ ಉಜ್ಜಿ ಶಾರ್ಟ್ ಆದಾಗ ತಡೆಯುವವರು ಯಾರೂ ಇರುವುದಿಲ್ಲ. ರಿಲೇಯ ಪಿನ್ನುಗಳು ಕೆಳಮುಖವಾಗಿರಲಿ, ನೀರು ನಿಲ್ಲುವುದಿಲ್ಲ.

ರಿಲೇ ಹಾಕಿಸದೆ 100/90 ವ್ಯಾಟಿನ ಬಲ್ಬು ಹಾಕಿಸುವುದನ್ನು ನಾನು ಖಂಡಿತ ಒಪ್ಪುವುದಿಲ್ಲ. ಎರಡು ಬಲ್ಬು ಸೇರಿ 16 ಆಂಪಿಯರಿಗೂ ಹೆಚ್ಚು ಎಳೆಯುತ್ತವೆ; ಕರೆಂಟು ಒಂದೂವರೆ ಪಟ್ಟು ಮೀರಿದರೆ ಅದೇ ಸ್ವಿಚ್ಚಿನಲ್ಲಿ ಹುಟ್ಟುವ ಶಾಖ ಎರಡೂವರೆ ಪಟ್ಟು ಮೀರುತ್ತದೆ. ನಷ್ಟ ಹೆಚ್ಚಾಗುವುದರಿಂದ ನಿರೀಕ್ಷಿಸಿದ ಬೆಳಕೂ ಬರುವುದಿಲ್ಲ, ಬಂದಷ್ಟು ಬೆಳಕು ಎದುರಿನವರ ಕಣ್ಣು ಕುಕ್ಕುತ್ತದೆ. ಮೂಲ 60/55ರ ಬಲ್ಬಿಗೆ ಪೂರ್ತಿ ವೋಲ್ಟೇಜು ತಲುಪಿಸಿದರೆ ಹೊಸಪೇಟೆಯಿಂದ ಕುಷ್ಟಗಿಗೆ ರಾತ್ರಿ ಹೋಗಲು ಆ ಬೆಳಕು ಸಾಕು.

ಫ್ಯೂಸು ನಿಲ್ಲದಿದ್ದರೆ

ಫ್ಯೂಸು ಸುಟ್ಟಾಗ ಎಲ್ಲೋ ಒಂದು ಕಡೆ ಪ್ಲಸ್ ವೈರು ಬಾಡಿಗೆ ತಾಗಿರಬಹುದು ಎಂದು ತಿಳಿಯಬೇಕು. ಅದರ ಜಾಗದಲ್ಲಿ ವೈರಿನ ಎಳೆ ಸುತ್ತುವುದು, ಸಿಗರೇಟ್ ಪೆಟ್ಟಿಗೆಯ ಬೆಳ್ಳಿ ಹಾಳೆ ತುರುಕುವುದು, 15ರ ಬದಲು 30 ಆಂಪಿಯರಿನದನ್ನು ಹಾಕುವುದು, ಇವೆಲ್ಲ ವಾಹನಕ್ಕೆ ಬೆಂಕಿ ಹಚ್ಚುವ ದಾರಿಗಳು. ಹುಲ್ಲು ಅಥವಾ ಹತ್ತಿ ಹೇರಿದ ಗಾಡಿಯಾದರೆ ಪರಿಣಾಮವನ್ನು ಹೇಳಬೇಕಾಗಿಲ್ಲ. ಚಪ್ಪಟೆ ಕಾಲಿನ ಫ್ಯೂಸುಗಳಲ್ಲಿ 10 ಆಂಪಿಯರ್ ಕೆಂಪು, 15 ನೀಲಿ, 20 ಹಳದಿ, 30 ಹಸಿರು. ಎರಡೂ ತುದಿ ಮೊನಚಾದ ಹಳೆಯ ಮಾದರಿಯ ಫ್ಯೂಸುಗಳಲ್ಲಿ ಬಣ್ಣದ ಲೆಕ್ಕ ಬೇರೆ: ಬಿಳಿ 8, ಕೆಂಪು 16, ನೀಲಿ 25 ಆಂಪಿಯರ್. ಎರಡು ಲೆಕ್ಕವನ್ನೂ ಬೆರೆಸಬೇಡಿ.

ಶಾರ್ಟ್ ಹುಡುಕಲು ಫ್ಯೂಸುಗಳ ಮೇಲೆ ಫ್ಯೂಸು ಸುಡಬೇಕಾಗಿಲ್ಲ. ಎರಡೂ ಹೆಡ್‌ಲೈಟಿನ ಕಪ್ಲರುಗಳನ್ನು ಬಿಡಿಸಿ, ಫ್ಯೂಸನ್ನು ತೆಗೆದು, ಅದರ ಎರಡು ಕ್ಲಿಪ್ಪುಗಳಿಗೆ 21 ವ್ಯಾಟಿನ ಟೆಸ್ಟ್ ಲ್ಯಾಂಪನ್ನು ಜೋಡಿಸಿ ಲೈಟ್ ಸ್ವಿಚ್ ಹಾಕಿ. ಲ್ಯಾಂಪು ಪೂರ್ತಿ ಬೆಳಕಿನಲ್ಲಿ ಉರಿದರೆ ಶಾರ್ಟ್ ಇದೆ. ಈಗ ಕರೆಂಟು ಲ್ಯಾಂಪಿನಷ್ಟಕ್ಕೇ ಮಿತವಾಗಿರುವುದರಿಂದ ಅಪಾಯವಿಲ್ಲ. ವೈರಿಂಗ್ ಕಿಟ್ಟನ್ನು (ಟೇಪು ಸುತ್ತಿದ ವೈರುಗಳ ಕಟ್ಟನ್ನು) ಒಂದು ಕಡೆಯಿಂದ ಕೈಯಲ್ಲಿ ಹಿಡಿದು ಅಲುಗಾಡಿಸುತ್ತ, ನಡುವಿನ ಕಪ್ಲರುಗಳನ್ನು ಒಂದೊಂದಾಗಿ ಬಿಡಿಸುತ್ತ ಹೋಗಿ. ಲ್ಯಾಂಪು ಎಲ್ಲಿ ಆರುತ್ತದೋ ಅಥವಾ ಮಿನುಗುತ್ತದೋ ಅಲ್ಲಿ ದೋಷವಿದೆ. ರೇಡಿಯೇಟರಿನ ಪಕ್ಕ, ಬ್ಯಾಟರಿ ತಟ್ಟೆಯ ಕೆಳಗೆ, ಫೈರ್‌ವಾಲಿನ (ಎಂಜಿನ್ನಿಗೂ ಚಾಲಕರ ಜಾಗಕ್ಕೂ ನಡುವಿನ ತಗಡಿನ) ರಬ್ಬರ್ ಬಿದ್ದುಹೋದ ತೂತಿನಲ್ಲಿ ಮೊದಲು ನೋಡಿ. ಇಲಿ ಕಡಿದ ಗುರುತು ಒಂದು ಕಡೆ ಸಿಕ್ಕರೆ ಅಲ್ಲಿಗೇ ನಿಲ್ಲಬೇಡಿ, ಕಿಟ್ಟಿನ ಆ ಇಡೀ ಭಾಗದ ಟೇಪನ್ನು ಬಿಚ್ಚಿ ನೋಡಿ.

ಬಲ್ಬೇ ಪದೇ ಪದೇ ಹೋಗುತ್ತಿದ್ದರೆ ಎಂಜಿನ್ನಿನ ವೇಗ ಏರಿಸಿ ಬ್ಯಾಟರಿಯ ವೋಲ್ಟೇಜು ನೋಡಿ. 15 ವೋಲ್ಟಿಗೆ ಹತ್ತಿರ ಅಥವಾ ಮೇಲೆ ಹೋದರೆ ಕಟೌಟ್ (ಚಾರ್ಜಿಂಗ್ ವೋಲ್ಟೇಜನ್ನು ಹತೋಟಿಯಲ್ಲಿಡುವ ಭಾಗ) ಕೆಟ್ಟಿದೆ. ವೋಲ್ಟೇಜು ಶೇಕಡಾ 5ರಷ್ಟು ಮೀರಿದರೂ ಬಲ್ಬಿನ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ದುರಸ್ತಿ ಮಾಡುವಾಗ

ಕಿಲುಬು ಹಿಡಿದ ವೈರನ್ನು ಹಸಿರು ಬಣ್ಣ ಮುಗಿದು ತಾಮ್ರದ ಕೆಂಪು ಕಾಣುವವರೆಗೂ ಹಿಂದಕ್ಕೆ ಕತ್ತರಿಸಿ. ಕಿಲುಬು ಹೊದಿಕೆಯೊಳಗೆ ಬಹುದೂರ ಸಾಗಿರುವುದುಂಟು. ಎರಡು ವೈರನ್ನು ಬರೀ ತಿರುಚಿ ಟೇಪು ಸುತ್ತಿದ ಜೋಡಣೆ ನಮ್ಮ ಬಿಸಿಲಿಗೆ ನಿಲ್ಲುವುದಿಲ್ಲ, ಟೇಪಿನ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಒಳ್ಳೆಯ ಕ್ರಿಂಪಿಂಗ್ ಪ್ಲೈಯರಿನಿಂದ ಕ್ರಿಂಪ್ ಮಾಡಿ ಅಥವಾ ಬೆಸುಗೆ ಹಾಕಿ, ಮೇಲೆ ಹೀಟ್ ಶ್ರಿಂಕ್ ಸ್ಲೀವ್ ಏರಿಸಿ, ಜೋಡಣೆ ಅಲುಗಾಡದಂತೆ ಹತ್ತಿರದಲ್ಲಿ ಕಟ್ಟಿ. ಹೆಡ್‌ಲೈಟಿನ ಕಪ್ಲರು ಕರಗಿದ್ದರೆ ಪ್ಲಾಸ್ಟಿಕ್ಕಿನದರ ಬದಲು ಸೆರಾಮಿಕ್ ಕಪ್ಲರು ಹಾಕಬಹುದು. ಪಿನ್ನುಗಳು ಬಿಗಿಯಾಗಿವೆಯೇ ಎಂದು ಖಚಿತಪಡಿಸಿಕೊಳ್ಳಿ. ಮೂಲ ವೈರಿನ ಬಣ್ಣವನ್ನೇ ಬಳಸಿ, ಅದು ಸಿಗದಿದ್ದರೆ ತುದಿಗೆ ಗುರುತಿನ ಸ್ಲೀವ್ ಹಾಕಿ ಒಂದು ಚೀಟಿಯಲ್ಲಿ ಬರೆದು ಗ್ಲೋವ್ ಬಾಕ್ಸಿನಲ್ಲಿಡಿ, ಮುಂದೆ ಕೈಹಾಕುವವರಿಗೆ ಅದು ದೊಡ್ಡ ಉಪಕಾರ.

ಕೆಲಸ ಮುಗಿದ ಮೇಲೆ ಎರಡೂ ದಾರಿಯ ನಷ್ಟವನ್ನು ಮತ್ತೆ ಅಳೆದು ಆ ಅಂಕಿಗಳನ್ನೂ ಅದೇ ಚೀಟಿಯಲ್ಲಿ ಬರೆದಿಡಿ. ಮಳೆಗಾಲ ಕಳೆದು, ಭತ್ತದ ಕಟಾವು ಶುರುವಾಗುವ ಮುನ್ನ ಒಮ್ಮೆ ಅಳೆದು ಹೋಲಿಸಿದರೆ ಯಾವ ಜೋಡಣೆ ಹದಗೆಡುತ್ತಿದೆ ಎಂಬುದು ಬೆಳಕು ಕುಗ್ಗುವ ಮೊದಲೇ ಗೊತ್ತಾಗುತ್ತದೆ. ಕೊನೆಯದಾಗಿ, ಲೈಟು ಬಿಚ್ಚಿ ಹಾಕಿದಾಗ ಅದರ ದಿಕ್ಕು ತಪ್ಪಿರುತ್ತದೆ. ಸಮತಟ್ಟಾದ ನೆಲದಲ್ಲಿ ಗೋಡೆಯ ಹತ್ತಿರ ವಾಹನ ನಿಲ್ಲಿಸಿ, ಲೋ ಬೀಮಿನ ಮೇಲಂಚು ಗೋಡೆಯಲ್ಲಿ ಎಷ್ಟು ಎತ್ತರದಲ್ಲಿದೆ ಎಂದು ಸುಣ್ಣದಕಡ್ಡಿಯಿಂದ ಗುರುತು ಹಾಕಿ, ಹಿಂದಕ್ಕೆ 5 ಮೀಟರ್ ಸರಿಸಿ ನೋಡಿ. ಮೇಲಂಚು ಆ ಗುರುತಿಗಿಂತ 5 ಸೆಂಟಿಮೀಟರಿನಷ್ಟು ಕೆಳಗೆ ಬಂದಿರಬೇಕು, ಎರಡೂ ಬದಿಯಲ್ಲಿ ಒಂದೇ ಮಟ್ಟದಲ್ಲಿರಬೇಕು. ನಿತ್ಯ ಭಾರ ಹೇರುವ ಗಾಡಿಯಾದರೆ ಹಿಂಬದಿ ತಗ್ಗಿ ಮುಂದಿನ ಬೆಳಕು ಮೇಲಕ್ಕೇಳುವುದರಿಂದ, ಭಾರ ಹೇರಿದ ಸ್ಥಿತಿಯಲ್ಲಿಯೇ ಈ ಹೊಂದಾಣಿಕೆಯನ್ನು ಮಾಡಿಕೊಳ್ಳಿ.